ಗುಡ್ಡದ ಕಡೆಯ ಪ್ಲಾಟ್‌ಫಾರ್ಮು

ಅಕ್ಕ ಬಳ್ಳಾರಿಗೆ ಹೊರಟ ದಿನ ನಾನು ರಾಯದುರ್ಗದ ಸ್ಟೇಷನ್ನಿಗೆ ಹೋಗಿದ್ದೆನೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಹೋಗಿದ್ದೆ ಎಂದು ನೆನಪಿದೆ. ಆದರೆ ನೆನಪಿದೆ ಎಂಬುದನ್ನು ನಾನು ಸಾಕ್ಷಿ ಎಂದು ಒಪ್ಪುವುದಿಲ್ಲ. ನಾನು ಹುಟ್ಟುವ ಮೊದಲೇ ಬಿದ್ದುಹೋದ ನಮ್ಮ ಹಿತ್ತಿಲ ಗೋಡೆಯ ಸದ್ದು ಕೂಡ ನನಗೆ ನೆನಪಿದೆ. ಅವ್ವ ಅದನ್ನು ಹೇಳಿ ಹೇಳಿ ನನ್ನ ಕಿವಿಯೊಳಗೆ ಬೀಳಿಸಿದ್ದಳು.

ಅಕ್ಕನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ನಾನು ಬಂದಿರಲಿಲ್ಲ, ಮನೆಯಿಂದ ಯಾರೂ ಬಂದಿರಲಿಲ್ಲ. ಅಷ್ಟೇ.

ಆಗ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಳ್ಳಾರಿಯ ಜೀನ್ಸ್ ಯುನಿಟ್ಟುಗಳಿಗೆ ಹೋಗತೊಡಗಿದ್ದರು. ರಾಯದುರ್ಗದಲ್ಲೇ ಮನೆಮನೆಯಲ್ಲಿ ಮಷಿನ್ ಸದ್ದು ಕೇಳುವ ಕಾಲ ಇನ್ನೂ ಪೂರ್ತಿ ಬಂದಿರಲಿಲ್ಲ. ಅಕ್ಕ ಹೋಗುತ್ತೇನೆ ಅಂದಾಗ ಅಪ್ಪ ಮಾತು ಬಿಟ್ಟರು. ಅವ್ವನನ್ನು ಹೊಸ್ತಿಲು ದಾಟಗೊಡಲಿಲ್ಲ. ಅಕ್ಕ ಓಣಿಯ ಇಬ್ಬರು ಹೆಂಗಸರ ಜೊತೆ ಟ್ರಂಕು ಹೊತ್ತು ಸ್ಟೇಷನ್ನಿಗೆ ನಡೆದಳು. ಇಂಟರ್‌ಮೀಡಿಯೆಟ್ ಓದುತ್ತಿದ್ದ ನನ್ನನ್ನು ಅವಳು ಬೆಳಿಗ್ಗೆಯೇ ಒಂದು ಕೆಲಸಕ್ಕೆ ಅಟ್ಟಿದ್ದಳು: ಗುಡ್ಡದ ಬುಡದಲ್ಲಿದ್ದ ಕಮ್ಮಾರನ ಕುಲುಮೆಯಲ್ಲಿ ಸಾಣೆಗೆ ಕೊಟ್ಟಿದ್ದ ಕತ್ತರಿಯನ್ನು ಇಸಿದುಕೊಂಡು ಸೀದಾ ಸ್ಟೇಷನ್ನಿಗೆ ತರಬೇಕಿತ್ತು. ಪರವೂರಿನ ಯುನಿಟ್ಟಿನಲ್ಲಿ ಪರರ ಕತ್ತರಿ ಹಿಡಿಯಲು ಅವಳಿಗೆ ಇಷ್ಟವಿರಲಿಲ್ಲ.

ಕಮ್ಮಾರ ತಡಮಾಡಿದ. ನನ್ನ ನೆನಪಿನಲ್ಲಿ ನಾನು ಗುಡ್ಡದ ಕಡೆಯ ಕಾಲುದಾರಿಯಲ್ಲಿ ಓಡುತ್ತಿದ್ದೇನೆ. ಸರಕು ಇಳಿಸುವ ಗೂಡ್ಸ್ ಕಟ್ಟೆಯ ಮೇಲೆ ಹತ್ತುತ್ತೇನೆ. ರೈಲು ಆಗಲೇ ಕದಲಿದೆ. ಡಬ್ಬಿಗಳು ನನ್ನ ಮುಂದೆ ಹಾಯುತ್ತಿವೆ, ಸರಳಿನ ಕಿಟಕಿಗಳಲ್ಲಿ ಗುರುತಿಲ್ಲದ ಮುಖಗಳು. ಕಾಗದ ಸುತ್ತಿದ ಕತ್ತರಿಯನ್ನು ಮೇಲೆತ್ತಿ ಆಡಿಸುತ್ತೇನೆ. ರೈಲು ಹೋಗುತ್ತದೆ. ಎಂಜಿನ್ನು ಹೊಗೆಯದೋ ಡೀಸೆಲ್ಲಿನದೋ ಎಂದು ಕೇಳಿದರೆ ನಾನು ತೊದಲುತ್ತೇನೆ.

ಬಳ್ಳಾರಿಯಿಂದ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಮಡಕಶಿರದವರೊಬ್ಬರನ್ನು ಮದುವೆಯಾದಳು. ವರ್ಷಗಳ ಮೇಲೆ ಇಬ್ಬರೂ ಮಡಕಶಿರಕ್ಕೆ ಮರಳಿ, ಕೋಟೆಗುಡ್ಡ ಕಾಣುವ ಬೀದಿಯಲ್ಲಿ ಒಂದಷ್ಟು ಮಷಿನ್ ಹಾಕಿ ಸ್ವಂತ ಯುನಿಟ್ ತೆರೆದರು. ರಾಯದುರ್ಗಕ್ಕೆ ಮಾತ್ರ ಅವಳು ಕಾಲಿಡಲಿಲ್ಲ. ಮದುವೆ, ನಾಮಕರಣ, ಏನೇ ಕರೆ ಬಂದರೂ ಅದೇ ಉತ್ತರ.

“ನನ್ನ ಕಳಿಸಾಕ ಒಂದು ನಾಯೀನೂ ಬರಲಿಲ್ಲ ಆ ಊರಾಗ. ನಾ ಯಾಕ ಹೋಗ್ಲಿ?”

“ನಾ ಬಂದಿದ್ದೆ, ಅಕ್ಕ.”

“ಹೂಂ, ಕನಸಿನ್ಯಾಗ.”

ನಗುನಗುತ್ತಲೇ ಹೇಳುತ್ತಿದ್ದಳು. ಆದರೆ ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೆ ಆ ನಗು ಸಣ್ಣದಾಯಿತು. ತಾನು ಹೊರಟಾಗ ಆ ಮನೆಯಿಂದ ಒಬ್ಬರಾದರೂ ಬಂದಿದ್ದರೇ ಎಂಬುದು ಅವಳಿಗೆ ತಮಾಷೆಯ ಮಾತಾಗಿ ಉಳಿದಿರಲಿಲ್ಲ. ಬರಬಹುದಾಗಿದ್ದವನು ನಾನೊಬ್ಬನೇ.

ನಾನು ಈ ನಡುವೆ ಅನಂತಪುರದಲ್ಲಿ ಚರಿತ್ರೆ ಎಂ.ಎ. ಮಾಡಿ, ಹಿಂದೂಪುರದ ಕಾಲೇಜೊಂದರಲ್ಲಿ ಕಾಂಟ್ರ್ಯಾಕ್ಟ್ ಲೆಕ್ಚರರ್ ಆಗಿದ್ದೆ. ವರ್ಷವರ್ಷವೂ ಕೆಲಸ ಇರುತ್ತದೋ ಹೋಗುತ್ತದೋ ತಿಳಿಯದ ಕಾಲ. ಕೂತಲ್ಲಿ ಕೂರಲಾರೆ, ಓದಿದ್ದನ್ನು ನಂಬಲಾರೆ. ಪಾಠ ಹೇಳುವಾಗಲೇ, ನಾನು ಹೇಳುತ್ತಿರುವುದು ನಿಜವೇ ಎಂಬ ಅನುಮಾನ ಬಂದು ಮಾತು ನಿಲ್ಲುತ್ತಿತ್ತು. ಅಂಥ ದಿನಗಳಲ್ಲಿ ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಯಾವುದೋ ಪರದೇಶದ ಮಾದರಿ ರೈಲು ಸಿಕ್ಕಿತು: ಒಂದು ಹೊಗೆ ಎಂಜಿನ್, ಮೂರು ಡಬ್ಬಿ, ಒಂದು ಟ್ರಾನ್ಸ್‌ಫಾರ್ಮರ್, ಒಂದು ಚೀಲ ಹಳಿ. ಹಳಿಗಳ ನಡುವಿನ ಅಂತರ ಅಳೆದೆ. ಹನ್ನೆರಡು ಮಿಲಿಮೀಟರ್. ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅದು ಸರಿಸುಮಾರು ಒಂದು ಮೀಟರ್ ಆಗುತ್ತದೆ. ಅಂದರೆ ನಮ್ಮ ಹಳೆಯ ಮೀಟರ್ ಗೇಜ್. ಆ ಹೊತ್ತಿಗೆ ರಾಯದುರ್ಗದ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿಯಾಗಿತ್ತು. ಇಲ್ಲದಿರುವ ಆ ಸ್ಟೇಷನ್ನನ್ನು ಕಟ್ಟಿಬಿಡೋಣ ಅನ್ನಿಸಿತು. ಅಕ್ಕನ ಜೊತೆಗಿನ ವಾದ ಗೆಲ್ಲಲು ಕಟ್ಟಿದೆನೇ? ಇಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಹಿಂದೂಪುರದ ನನ್ನ ಬಾಡಿಗೆ ಕೋಣೆಯಲ್ಲಿ ಜಾಗವಿರಲಿಲ್ಲ. ಅಕ್ಕನ ಯುನಿಟ್ಟಿನ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಟಿಂಗ್ ಟೇಬಲ್ ಗೋಡೆಗೆ ಆತು ಬಿದ್ದಿತ್ತು. ಭಾವ ಅದನ್ನು ನನಗೆ ಬಿಟ್ಟುಕೊಟ್ಟರು. ಹೀಗೆ ರೈಲೇ ಇಲ್ಲದ ಮಡಕಶಿರದಲ್ಲಿ ರಾಯದುರ್ಗದ ಸ್ಟೇಷನ್ ಏಳತೊಡಗಿತು. ಭಾನುವಾರ ಬಸ್ ಹಿಡಿದು ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದೆ.

ಮೊದಲು ನಕ್ಷೆ. ರಾಯದುರ್ಗ ಆಗ ಕೊನೆಯ ಸ್ಟೇಷನ್. ಬಂದ ಎಂಜಿನ್ ಡಬ್ಬಿಗಳನ್ನು ಬಿಟ್ಟು, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಸೇರಬೇಕು. ಆದ್ದರಿಂದ ಎರಡು ಕಡೆ ಕವಲು, ನಡುವೆ ಜೋಡಿ ಹಳಿ, ಆಚೆಗೆ ಗೂಡ್ಸ್ ಹಳಿ, ಅದರ ಅಂಚಿಗೆ ಕಟ್ಟೆ. ಇದ್ದಷ್ಟೇ ಉದ್ದ ಕಟ್ಟಿದರೆ ಟೇಬಲ್ ಬೀದಿಗೆ ಬರುತ್ತದೆ. ಹಾಗಾಗಿ ಏನನ್ನು ಕುಗ್ಗಿಸಬೇಕು, ಏನನ್ನು ಬಿಡಬೇಕು ಎಂಬುದೇ ಈ ಹವ್ಯಾಸದ ಅರ್ಧ ಕೆಲಸ. ಪ್ಲಾಟ್‌ಫಾರ್ಮನ್ನು ಕುಗ್ಗಿಸಿದೆ, ಬೇವಿನ ಮರಗಳಲ್ಲಿ ಕೆಲವನ್ನು ಬಿಟ್ಟೆ. ಕುಲುಮೆಯ ಕಾಲುದಾರಿಯನ್ನು ಬಿಡಲಿಲ್ಲ. ಪ್ಯಾಟರ್ನ್ ಬರೆಯುವ ಖಾಕಿ ಕಾಗದದ ಮೇಲೆ ಹಳಿ, ಪ್ಲಾಟ್‌ಫಾರ್ಮು, ಕಟ್ಟೆಗಳನ್ನು ಟೇಬಲ್ಲಿಗೆ ಬೇಕಾದ ಅಳತೆಯಲ್ಲೇ ಬರೆದೆ; ಗುಡ್ಡವನ್ನೂ ದಾರಿಯನ್ನೂ ಆಮೇಲೆ ಕೈಯಿಂದಲೇ ಮಾಡುವುದೆಂದು ಬಿಟ್ಟೆ. ಬಾಗುವ ಹಳಿಗೆ ಭಾವನ ಕರ್ವ್ ಪಟ್ಟಿ ಬಳಸಿದೆ. ಪ್ಯಾಂಟಿನ ಸೊಂಟದ ಬಾಗು ಮತ್ತು ರೈಲು ಹಳಿಯ ಬಾಗು ಅಷ್ಟೊಂದು ಹೋಲುತ್ತವೆಂದು ನನಗೆ ಗೊತ್ತಿರಲಿಲ್ಲ.

ಕಾಗದದಿಂದ ಪ್ಲೈವುಡ್ಡಿಗೆ ಗೆರೆ ಇಳಿಸುವ ಕೆಲಸ ಭಾವ ವಹಿಸಿಕೊಂಡರು. ಗೆರೆಗಳ ಮೇಲೆ ಹಲ್ಲುಗಾಲಿ ಓಡಿಸಿ ತೂತು ಮಾಡಿ, ಮೇಲೆ ಚಾಕ್ ಪುಡಿ ಉಜ್ಜಿದರೆ ಕೆಳಗೆ ಚುಕ್ಕೆಗಳಲ್ಲಿ ಗೆರೆ ಮೂಡುತ್ತದೆ. ಬಳ್ಳಾರಿಯ ತುದಿ ಬಾಗಿಲ ಕಡೆ ಬರಲಿ ಎಂದಷ್ಟೇ ಹೇಳಿ ನಾನು ಹಿಂದೂಪುರಕ್ಕೆ ಹೋದೆ. ಮುಂದಿನ ಭಾನುವಾರ ಬಂದಾಗ ಪ್ಲೈವುಡ್ ಮೇಲೆ ನೀಲಿ ಗೆರೆಗಳು ಅಚ್ಚುಕಟ್ಟಾಗಿ ಕೂತಿದ್ದವು. ನನ್ನ ಕಾಗದ ಆಗಲೇ ಯಾವುದೋ ಆರ್ಡರಿನ ಜೇಬಿನ ಪ್ಯಾಟರ್ನ್ ಆಗಿ ಕತ್ತರಿಸಿಹೋಗಿತ್ತು.

ಪ್ಲಾಟ್‌ಫಾರ್ಮ್ ಗೋಡೆಯ ಕಡೆ ಬಂದಿತ್ತು. ಗೋಡೆಯ ಕಡೆ ನಾನು ಗುಡ್ಡ ಮಾಡುವವನಿದ್ದೆ. ಹೀಗಿತ್ತೇ? ಒಂದು ಕ್ಷಣ ನಿಂತೆ. ಪ್ಲಾಟ್‌ಫಾರ್ಮ್ ಊರ ಕಡೆ ಇತ್ತಲ್ಲವೇ? ಆದರೆ ನಕ್ಷೆ ಬರೆದಾಗ ನಾನು ಇಡೀ ತಿಂಗಳು ಯೋಚಿಸಿ ಬರೆದಿದ್ದೆ, ಈಗಿನದು ನಿಂತ ನಿಲುವಿನ ಅನ್ನಿಸಿಕೆ. ಮೊದಲು ಬರೆದಿಟ್ಟದ್ದು ಆಮೇಲೆ ನೆನೆದದ್ದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ ಎಂದು ನಮಗೆ ಕಲಿಸಿದ್ದರು, ನಾನೂ ಅದನ್ನೇ ಕಲಿಸುತ್ತಿದ್ದೆ. ಗೆರೆಯನ್ನು ನಂಬಿ ಹಳಿ ಅಂಟಿಸಿದೆ.

ಮುಂದಿನ ತಿಂಗಳುಗಳಲ್ಲಿ ನನ್ನ ಕೈಗೆ ಬಿಡುವಿರಲಿಲ್ಲ. ಕ್ರಷರಿನ ಕಲ್ಲುಪುಡಿಯನ್ನು ಟೀ ಜರಡಿಯಲ್ಲಿ ಸೋಸಿ ಹಳಿಗಳ ನಡುವೆ ಸುರಿದು ಗೋಂದಿನ ನೀರು ಬಿಟ್ಟೆ. ಓವರ್‌ಲಾಕ್ ಮಷಿನ್ನಿನ ಕೆಳಗೆ ಸೇರುವ ನೀಲಿ ನೂಲಿನ ಧೂಳಿಗೆ ಅರಿಸಿನ ಕಲಸಿದರೆ ಬಾಡಿದ ಹುಲ್ಲಿನ ಬಣ್ಣ ಬರುತ್ತದೆ. ನಮ್ಮ ಸೀಮೆಯ ಹುಲ್ಲು ಅದಕ್ಕಿಂತ ಹಸಿರಾಗಿರುವುದು ಅಪರೂಪ. ದಾರ ಸುತ್ತುವ ಬಾಬಿನ್ನು ನೀರಿನ ಟ್ಯಾಂಕಾಯಿತು, ಮುರಿದ ಸೂಜಿಗಳು ದೀಪದ ಕಂಬಗಳಾದವು. ಗುಡ್ಡಕ್ಕೆ ಬಣ್ಣದ ಗೊಡವೆಯೇ ಬೇಡವಾಯಿತು. ರಸ್ತೆಯ ಕಲ್ಲುಚೂರನ್ನು ಒಂದರ ಮೇಲೊಂದು ಅಂಟಿಸಿದರೆ ಅದೇ ರಾಯದುರ್ಗದ ಬಂಡೆ. ಅದರ ಬುಡದಿಂದ ಹಳಿಯ ತನಕ ಕುಲುಮೆಯ ದಾರಿ ಇಳಿಸಿದೆ. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹಾಕುತ್ತಿದ್ದೆ, ಅಂಟು ಒಣಗುವ ತನಕ ಕಾಯಲಾರದೆ ಎತ್ತಿ ನೋಡಿ ಕೆಡಿಸುತ್ತಿದ್ದೆ. ಕರೆಂಟು ಹೋದರೆ ಮಷಿನ್ನುಗಳ ಜೊತೆ ನನ್ನ ರೈಲೂ ನಿಲ್ಲುತ್ತಿತ್ತು. ಆಗ ನಾನು ಟೇಬಲ್ಲಿನ ಸುತ್ತ ಸುಮ್ಮನೆ ತಿರುಗುತ್ತಿದ್ದೆ.

ಮಾದರಿ ರೈಲಿನವರು ಇಂಥದನ್ನು ಲೇಔಟ್ ಅನ್ನುತ್ತಾರೆ; ನೋಡಲು ಬಂದವರಿಗೆ ಕಡಿಮೆಯಿರಲಿಲ್ಲ. “ಲೇಔಟ್ ಮಾಡವ್ರಂತೆ, ಸೈಟ್ ಏನಾದ್ರೂ ಉಳಿದಾವಾ?” ಎಂದು ಕೇಳಿಕೊಂಡೇ ಒಬ್ಬರು ಒಳಗೆ ಬಂದರು. ರಾಯದುರ್ಗ ಕಂಡಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಬಗ್ಗಿ ನೋಡಿ, “ಹೌದ್ರಿ, ಹಿಂಗಾ ಇತ್ತು ನೋಡ್ರಿ, ಥೇಟ್ ಹಿಂಗಾ!” ಎಂದರು. ನನಗೆ ಸಮಾಧಾನವಾಯಿತು. ಅಲ್ಲಿಂದ ಮುಂದೆ ಪ್ಲಾಟ್‌ಫಾರ್ಮನ್ನು ಗುಡ್ಡದ ಕಡೆಯಲ್ಲೇ ನೆನೆಯತೊಡಗಿದೆ. ಕಣ್ಣು ಮುಚ್ಚಿದರೂ ಅಲ್ಲೇ ಕಾಣುತ್ತಿತ್ತು.

ಅಕ್ಕ ಅದುವರೆಗೆ ಅತ್ತ ತಲೆ ಹಾಕಿರಲಿಲ್ಲ. ಒಂದು ಮಧ್ಯಾಹ್ನ ಚಹಾ ತಂದವಳು ಲೋಟ ಇಟ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟಳು.

“ಇದು ಕುಲುಮಿ ಕಡೆ ದಾರಿ ಏನು?”

“ಹೌದು.”

“ಇದು ಪ್ಲಾಟ್‌ಫಾರ್ಮು.”

“ಹೌದು.”

“ದಾರಿ ಸೀದಾ ಪ್ಲಾಟ್‌ಫಾರ್ಮಿಗೇ ಬಂತಲ್ಲೋ ತಮ್ಮಾ.” ಅವಳ ದನಿ ತಗ್ಗಿತು. “ನಾ ಕಿಟಕ್ಯಾಗ ಕುಂತು ಪ್ಲಾಟ್‌ಫಾರ್ಮನ್ನ ನೋಡಾಕ ಹತ್ತಿದ್ದೆ, ಯಾರರ ಬಂದಾರಂತ. ನೀ ಬಂದಿದ್ರ ನನ್ನ ಕಣ್ಣ ಮುಂದನ ಬರಬೇಕಿತ್ತು.”

“ನಾ ಗೂಡ್ಸ್ ಕಟ್ಟಿ ಮ್ಯಾಲೆ ನಿಂತಿದ್ದೆ.”

“ಅದೆಲ್ಲೈತಿ? ಈ ಕಡೆ, ಊರ ಮಗ್ಗಲಕ್ಕ. ಕುಲುಮಿಯಿಂದ ಬಂದಾವ ಪ್ಲಾಟ್‌ಫಾರ್ಮ್ ದಾಟಿ, ರೈಲು ದಾಟಿ, ಆ ಕಡೆ ಹೋಗಿ ನಿಂತಿದ್ದೇನು? ಹಾರಿ ಹೋದ್ಯಾ?”

ಊರು ಬಿಟ್ಟು ವರ್ಷಗಳಾಗಿದ್ದವಳು ನಾನು ಕಟ್ಟಿದ್ದನ್ನೇ ನಂಬಿದ್ದಳು. ಅವಳು ಗೆದ್ದವಳಂತೆ ಕಾಣಲಿಲ್ಲ. ಇಷ್ಟು ವರ್ಷ ಕೆಣಕುತ್ತಿದ್ದರೂ, ನಾನು ಬಂದಿದ್ದೆ ಅನ್ನುವಾಗಲೆಲ್ಲ ಅವಳೊಳಗೆ ಎಲ್ಲೋ ಒಂದಿಷ್ಟು ನಂಬಿಕೆ ಇತ್ತೆಂದು ಅದು ಹೋದಾಗ ನನಗೆ ಗೊತ್ತಾಯಿತು. “ಇರ್ಲಿ ಬಿಡು, ಚಾ ಆರತೈತಿ” ಎಂದು ಹೊರಗೆ ಹೋದಳು. ಮತ್ತೆಂದೂ ಆ ಮಾತನ್ನು ತಮಾಷೆಗೂ ಎತ್ತಲಿಲ್ಲ.

ನಾನೇ ಕಟ್ಟಿದ ಸ್ಟೇಷನ್ ನನ್ನ ವಿರುದ್ಧ ಸಾಕ್ಷಿ ಹೇಳಿತ್ತು. ಅವಳ ತರ್ಕದಲ್ಲಿ ದೋಷವಿರಲಿಲ್ಲ. ಹಾಗಾದರೆ ಆ ಓಟ, ಆ ಕಟ್ಟೆ, ಹಾಯುವ ಕಿಟಕಿಗಳು? ಹಿತ್ತಿಲ ಗೋಡೆಯ ಸದ್ದಿನ ಹಾಗೆ ಅದನ್ನೂ ನಾನೇ ನನಗೆ ಹೇಳಿಕೊಂಡಿದ್ದೆನೇ? ಕಮ್ಮಾರನ ಹತ್ತಿರವೇ ಕೂತುಬಿಟ್ಟಿದ್ದೆನೇ? ಹಿಂದೂಪುರದಲ್ಲಿ ಕ್ಲಾಸು ಬಿಟ್ಟು ಬಸ್ ಸ್ಟ್ಯಾಂಡಿನ ತನಕ ನಡೆಯುತ್ತಿದ್ದೆ, ರಾಯದುರ್ಗಕ್ಕೆ ಹೋಗಿ ನೋಡಿಬಿಡೋಣ ಎಂದು. ಹೊಸ ಸ್ಟೇಷನ್ ಎದ್ದಿದೆ, ಹಳೆಯದರ ಕುರುಹು ಏನಿರುತ್ತದೆ ಎಂದು ಮರಳುತ್ತಿದ್ದೆ. ನಿಜ ಹೇಳಬೇಕೆಂದರೆ, ಕುರುಹು ಸಿಕ್ಕಿಬಿಟ್ಟರೆ ಎಂಬ ಅಂಜಿಕೆಯೂ ಇತ್ತು. ಭಾನುವಾರ ಮಡಕಶಿರಕ್ಕೆ ಬಂದರೂ ಹಿಂದಿನ ಕೋಣೆಗೆ ಹೋಗುತ್ತಿರಲಿಲ್ಲ. ರೈಲಿನ ಮೇಲೆ ನೀಲಿ ಧೂಳು ಕೂತಿತು.

ಅಂಥದೊಂದು ಭಾನುವಾರ, ತುರ್ತು ಆರ್ಡರಿಗಾಗಿ ಭಾವ ಒಬ್ಬರೇ ಬಟ್ಟೆ ಹಾಸಿ ಮಾರ್ಕ್ ಮಾಡುತ್ತಿದ್ದರು. ನಾನು ಪಕ್ಕದ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದೆ. ರಟ್ಟಿನ ಪ್ಯಾಟರ್ನುಗಳನ್ನು ಅವರು ಒಂದೊಂದಾಗಿ ಎತ್ತಿ, ಗೋದಿ ರೊಟ್ಟಿ ಮಗುಚುವಂತೆ ಮಗುಚಿ, ಬೋರಲಾಗಿ ಇಟ್ಟು ಸುತ್ತ ಚಾಕ್ ಎಳೆಯುತ್ತಿದ್ದರು. ಎಷ್ಟೋ ವರ್ಷದಿಂದ ಕಂಡ ಕೆಲಸ. ಅವತ್ತು ಮೊದಲ ಸಲ ನೋಡಿದೆ.

“ಭಾವ, ರಟ್ಟು ಯಾಕೆ ಬೋರಲು ಹಾಕ್ತೀರಿ?”

“ಬಟ್ಟೆನೇ ಬೋರಲು ಹಾಸಿರೋದು ಕಣಪ್ಪ. ಚಾಕ್ ಗೆರೆ ಒಳಮೈಗೆ ಇರ್ಬೇಕು, ಹೊರಗೆ ಕಾಣಬಾರ್ದು. ಬಟ್ಟೆ ಬೋರಲು, ರಟ್ಟೂ ಬೋರಲು. ಇಷ್ಟು ದಿನ ಇಲ್ಲಿ ಕೂತು ಏನು ನೋಡ್ದೆ ಮೇಷ್ಟ್ರೇ?”

ನನ್ನ ಕಾಲು ನಿಂತಿತು. “ನನ್ನ ಸ್ಟೇಷನ್ ಕಾಗದ?”

“ಅದೂ ಹಂಗೇ ಹಾಕಿದ್ದು. ಕೈ ಎಲ್ಲಿ ಕೇಳುತ್ತೆ?”

“ಪ್ಲೈವುಡ್ಡಿಗೆ ಒಳಮೈ ಹೊರಮೈ ಎಲ್ಲೈತೆ ಭಾವ?”

ಅವರ ಕೈಯಲ್ಲಿ ಚಾಕ್ ಅಲ್ಲೇ ನಿಂತಿತು. ಹಿಂದಿನ ಕೋಣೆಯ ಬಾಗಿಲತ್ತ ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮ ಪರವಾಗಿ ವಾದ ಹೂಡಿದರು.

“ನೋಡಪ್ಪ, ಪ್ಯಾಂಟಿಗೆ ಎರಡು ಕಾಲು. ಮಗುಚಿದ್ದು ಎಡಕ್ಕಾಗ್ದಿದ್ರೆ ಬಲಕ್ಕಾಗುತ್ತೆ, ಯಾವುದೂ ದಂಡ ಆಗಲ್ಲ. ನಿನ್ನ ಸ್ಟೇಷನ್ನಿಗೆ ಒಂದೇ ಕಾಲು ಅಂತ ನಂಗೆ ಯಾರು ಹೇಳಿದ್ರು?”

ಬಳ್ಳಾರಿಯ ತುದಿಯನ್ನು ಅವರು ನಾನು ಹೇಳಿದಂತೆ ಬಾಗಿಲ ಕಡೆಯೇ ಇಟ್ಟಿದ್ದರು. ಮಗುಚಿದ್ದರಿಂದ ಊರ ಕಡೆಯ ಪ್ಲಾಟ್‌ಫಾರ್ಮು ಗುಡ್ಡದ ಕಡೆಗೂ ಗುಡ್ಡದ ಕಡೆಯ ಕಟ್ಟೆ ಊರ ಕಡೆಗೂ ಹೋಗಿದ್ದವು. ನನ್ನ ನಕ್ಷೆಯಲ್ಲಿ ಪ್ಲಾಟ್‌ಫಾರ್ಮ್ ಊರ ಕಡೆಯೇ ಇತ್ತು. ಕುಲುಮೆಯ ದಾರಿ ಬಂದು ಮುಟ್ಟಬೇಕಿದ್ದದ್ದು ಗೂಡ್ಸ್ ಕಟ್ಟೆಗೆ. ಅಲ್ಲಿ ನಿಂತವನಿಗೂ ಪ್ಲಾಟ್‌ಫಾರ್ಮಿನ ಕಿಟಕಿಯಲ್ಲಿ ಕೂತವಳಿಗೂ ನಡುವೆ ಇಡೀ ಡಬ್ಬಿ.

ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ನಾನು ಒಂದೇ ಉಸಿರಿಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಹಂಗಾರ ನೀ ಬಂದಿದ್ದಿ ಅಂತಾತು.”

“ಹಂಗಲ್ಲಕ್ಕ. ಬಂದಿದ್ರೂ ನಿನಗ ಕಾಣ್ತಿರಲಿಲ್ಲ ಅಂತ ಆತು, ಅಷ್ಟ. ಅದೂ ನಕ್ಷಿ ಸರಿ ಇದ್ರ. ನಕ್ಷಿ ಬರ್ದಾವನೂ ನಾನ ಅಲ್ಲ?”

“ಎಪ್ಪಾ!” ಅವಳು ಕತ್ತರಿ ಕೆಳಗಿಟ್ಟಳು. “ಇಷ್ಟ್ ಓದಿ ಒಂದು ಹೌದು ಅನ್ನಾಕ ಬರಂಗಿಲ್ಲ ನಿನಗ.”

ಭಾವ ಒಳಗಿಂದಲೇ ಕೂಗಿದರು: “ನಿಮ್ಮ ತಮ್ಮ ಹೌದು ಅನ್ನೋದು ಸಂಬಳ ಬಂತಾ ಅಂತ ಕೇಳಿದಾಗ ಒಂದೇ. ಅದೂ ಎಣಿಸಿ ನೋಡಿ ಹೇಳ್ತಾನೆ.”

ಅಕ್ಕ ನಗಲಿಲ್ಲ. ಮಡಿಲಲ್ಲಿದ್ದ ಪ್ಯಾಂಟನ್ನು ಮಡಚಿ ಪಕ್ಕಕ್ಕಿಟ್ಟಳು. “ರಾಯದುರ್ಗಕ್ಕ ಬಸ್ ಎಷ್ಟೊತ್ತಿಗೈತಿ?” ಎಂದಳು.

ಆ ಆರ್ಡರ್ ಮುಗಿಸಿ ಕಳಿಸಿದ ಮೇಲೆ ಹೋದೆವು. ಪಾವಗಡ, ಕಲ್ಯಾಣದುರ್ಗ, ಬಸ್ಸಿನಿಂದ ಬಸ್ಸಿಗೆ. ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ. ಏನೂ ಸಿಗದಿರಬಹುದು, ಸಿಕ್ಕರೂ ಅದು ಬೇರೆಯದೇ ಇರಬಹುದು ಎಂದು. ಕೊನೆಗೆ, “ಬಾಯಿ ಮುಚ್ಚಿಕೊಂಡು ಕುಂದ್ರು, ಕಡ್ಲೆಕಾಯಿ ಕೊಡಸ್ತೀನಿ” ಅಂದಳು, ಚಿಕ್ಕಂದಿನಲ್ಲಿ ಅನ್ನುತ್ತಿದ್ದಂತೆ.

ಸ್ಟೇಷನ್ ಗುರುತು ಸಿಗಲಿಲ್ಲ. ಎತ್ತರದ ಹೊಸ ಪ್ಲಾಟ್‌ಫಾರ್ಮು, ಅಗಲ ಹಳಿ. ಅಕ್ಕ ಸ್ಟೇಷನ್ನಿನೊಳಗೆ ಹೋಗೋಣ ಅನ್ನಲಿಲ್ಲ. “ಕುಲುಮಿ ಕಡೆಯಿಂದ ಬಾ, ನೀ ಬಂದಂಗ” ಎಂದಳು. ಕುಲುಮೆ ಇದ್ದ ಕಡೆ ಈಗ ಜೀನ್ಸ್ ತೊಳೆಯುವ ಯುನಿಟ್, ಮುಂದಿನ ಮೋರಿಯಲ್ಲಿ ನೀಲಿ ನೀರು. ಅಲ್ಲಿಂದ ಇಳಿಜಾರು ದಾರಿ ಮನೆಗಳ ನಡುವೆ ಇಕ್ಕಟ್ಟಾಗಿ ಇನ್ನೂ ಇತ್ತು. ಅವಳು ಮುಂದೆ, ನಾನು ಹಿಂದೆ. ಜಾಲಿ ಮುಳ್ಳನ್ನು ಸೆರಗಿನಿಂದ ಸರಿಸುತ್ತ ಹೋದಳು. ದಾರಿ ಮುಗಿದಲ್ಲಿ ಕಲ್ಲು ಕಟ್ಟಿದ ಉದ್ದನೆಯ ಒಂದು ದಿಬ್ಬ, ಒಂದು ಮಗ್ಗುಲಿಗೆ ಇಳಿಜಾರು. ಅಂಚುಗಲ್ಲುಗಳು ಸವೆದು ನುಣುಪಾಗಿದ್ದವು. ಅವಳು ಅದರ ಮೇಲೆ ಹತ್ತಿದಳು. ಹಳಿಗಳಾಚೆ, ಊರ ಕಡೆ, ಪ್ಲಾಟ್‌ಫಾರ್ಮು ಕಾಣುತ್ತಿತ್ತು. ಯಾರೋ ಬೆಂಚಿನ ಮೇಲೆ ಮಲಗಿದ್ದರು.

“ಇಲ್ಲಿಂದ ಕೈ ಬೀಸಿದ್ದಿ.”

“ಅಂತ ನೆನಪು.”

“ಕತ್ರಿ ಯಾವ ಕೈಯಾಗಿತ್ತು?”

ಯೋಚಿಸಿದೆ. ಕಣ್ಣು ಮುಚ್ಚಿ ಓಡಿದೆ, ಹತ್ತಿದೆ, ಕೈ ಎತ್ತಿದೆ. ಒಮ್ಮೆ ಬಲಗೈ ಕಂಡಿತು, ಒಮ್ಮೆ ಎಡಗೈ.

“ಗೊತ್ತಿಲ್ಲಕ್ಕ.”

ಅವಳು ನನ್ನನ್ನೇ ನೋಡಿದಳು. “ಸುಳ್ಳು ಹೇಳಾವಾಗಿದ್ರ ಬಲಗೈ ಅಂತಿದ್ದಿ” ಎಂದಳು. ಆಮೇಲೆ ಆ ಕಲ್ಲಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಜೋರಿತ್ತು. ಊರೊಳಗೆ ಹೋಗಿ ಓಣಿ ನೋಡಿಕೊಂಡು ಬರೋಣ ಎಂದು ಅವಳೇ ಅಂದಳು.

ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಆ ದಿಬ್ಬ ಬ್ರಾಡ್ ಗೇಜ್ ಹಾಕುವಾಗ ಕಟ್ಟಿದ್ದೂ ಆಗಿರಬಹುದು, ಪ್ಲಾಟ್‌ಫಾರ್ಮನ್ನು ಈ ಕಡೆಯಿಂದ ಆ ಕಡೆಗೆ ಒಯ್ದಿರಲೂಬಹುದು. ಮತ್ತೆರಡು ಸಲ ಒಬ್ಬನೇ ರಾಯದುರ್ಗಕ್ಕೆ ಹೋದೆ. ಹಳಿ ಕೀಳುವ ಮೊದಲು ಅಲ್ಲಿ ಮೂಟೆ ಹೊತ್ತವರನ್ನು, ಟಿಕೆಟ್ ಕೊಟ್ಟವರನ್ನು ಬೇರೆಬೇರೆಯಾಗಿ ಕಂಡು, ನನ್ನ ಉತ್ತರವನ್ನು ಅವರ ಬಾಯಿಗೆ ತುರುಕದಂತೆ ಕೇಳಿದೆ. ನಾನು ಅಂದು ಅಲ್ಲಿ ನಿಂತಿದ್ದೆನೆಂದು ಹೇಳಬಲ್ಲವರು ಯಾರೂ ಇಲ್ಲ. ಒಂದು ಸಂಗತಿ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಆಗಿ ಬಂತು: ಮೀಟರ್ ಗೇಜ್ ಕಾಲದಲ್ಲೂ ಪ್ಲಾಟ್‌ಫಾರ್ಮ್ ಇದ್ದದ್ದು ಊರ ಕಡೆ, ಗೂಡ್ಸ್ ಕಟ್ಟೆ ಇದ್ದದ್ದು ಗುಡ್ಡದ ಕಡೆ.